ಲಸಿಕೆ ಫ್ರಿಜ್ಜಿಗೆ ಆಯುಧಪೂಜೆ

ನನ್ನ ಸೊಸೆ ಶಿವಾನಿ ಮಕ್ಕಳ ವೈದ್ಯೆ. ಸಿದ್ಧಾರ್ಥನಗರದ ನಮ್ಮ ಮನೆಯ ಮುಂಭಾಗದಲ್ಲೇ ಅವಳ ಕ್ಲಿನಿಕ್ಕು. ಅದರ ಒಳಕೋಣೆಯಲ್ಲಿ ಲಸಿಕೆಗಳಿಗೆಂದೇ ತರಿಸಿದ ಫ್ರಿಜ್ ಇದೆ. ಅದರಲ್ಲಿ ಹಾಲು, ಹೂವು, ಕೊತ್ತಂಬರಿ ಯಾವುದನ್ನೂ ಇಡುವ ಹಾಗಿಲ್ಲ. ಒಳಗಿನ ಶೀತವನ್ನು ತೋರಿಸುವ ಅಂಕಿ ಬಾಗಿಲ ಮೇಲೆ ಹಗಲಿರುಳೂ ಬೆಳಗುತ್ತಿರುತ್ತದೆ. ಅದು ಎರಡು ಡಿಗ್ರಿಗಿಂತ ಇಳಿಯಬಾರದು, ಎಂಟನ್ನು ಮೀರಬಾರದು; ತಪ್ಪಿದರೆ ಲಸಿಕೆ ಕೆಡುತ್ತದೆ.

ಆಯುಧಪೂಜೆಯಂದು ಆ ಕೋಣೆಯ ಪೂಜೆ ಯಾವಾಗಲೂ ನನ್ನ ಪತ್ನಿ ಗಿರಿಜಾಂಬಾಳದು. ಈ ಶ್ರಾವಣದಲ್ಲಿ ಅವಳು ಲಿಂಗೈಕ್ಯಳಾದಳು. ಹಬ್ಬ ಬೇಡವೆಂದು ನಾನು ಸುಮ್ಮನಿದ್ದೆ.

"ಅಮ್ಮಾವ್ರು ನಡೆಸ್ಕೊಂಡು ಬಂದಿದ್ದ ಬುಡಬಾರ್ದು ಯಜಮಾನ್ರೇ, ನಾನ್ ಮಾಡ್ತೀನಿ" ಎಂದು ಕ್ಲಿನಿಕ್ಕಿನ ಕೆಲಸದ ಚಿಕ್ಕಬಸವಯ್ಯ ಹೊರಟ. ಆ ಶಿವನಿಗೂ ಅದೇ ಇಷ್ಟವಿರಬಹುದು ಎಂದುಕೊಂಡೆ.

ಆಗ ತಾನೇ ಹುಟ್ಟಿದ ಕೂಸೊಂದನ್ನು ನೋಡಲು ಶಿವಾನಿ ಆಸ್ಪತ್ರೆಗೆ ಹೋಗಿದ್ದಳು. ಚಿಕ್ಕಬಸವಯ್ಯ ಸ್ಕೂಟರ್ ತೊಳೆದ, ಮಕ್ಕಳನ್ನು ತೂಗುವ ತಕ್ಕಡಿ ಒರೆಸಿದ, ಕಡೆಗೆ ಫ್ರಿಜ್ಜಿನ ಮುಂದೆ ನಿಂತ. ಈ ದಿನ ಯಂತ್ರಗಳನ್ನು ನಿಲ್ಲಿಸಿ, ಶುಚಿಮಾಡಿ, ಪೂಜಿಸಿ ವಿಶ್ರಾಂತಿ ಕೊಡುವುದು ನಮ್ಮಲ್ಲಿ ಪದ್ಧತಿ. ಆತ ಸ್ವಿಚ್ ಆರಿಸಿ, ಬಾಗಿಲು ಅಗಲವಾಗಿ ತೆರೆದು ಒಳಗೆಲ್ಲ ಒರೆಸಿ, ಮುಚ್ಚಿ, ಚೆಂಡುಹೂವಿನ ಹಾರ ಹಾಕಿ ಊಟಕ್ಕೆ ಹೋದ.

ಮಧ್ಯಾಹ್ನ ಶಿವಾನಿ ಬಂದಾಗ ಬಾಗಿಲ ಮೇಲೆ ಅಂಕಿಯೇ ಇರಲಿಲ್ಲ.

"ಇದನ್ನ ಯಾರು ಆರಿಸಿದ್ದು?"

"ನಾನೇ ಕಣಮ್ಮ. ವರ್ಸೆಲ್ಲ ದುಡೀತದೆ, ಒಂದಿನ ಸುಧಾರಿಸ್ಕೊಳ್ಳಲಿ ಅಂತ" ಎಂದ ಚಿಕ್ಕಬಸವಯ್ಯ, ಸಂತೋಷದಿಂದ.

ಅವಳು ಕೂಗಾಡಲಿಲ್ಲ. ಸ್ವಿಚ್ ಹಾಕಿದಳು. ಸೀಸೆಗಳನ್ನೆಲ್ಲ ಒಂದು ತಟ್ಟೆಗೆ ತೆಗೆದು, 'ಬಳಸಬಾರದು' ಎಂದು ಬರೆದಂಟಿಸಿ, ಫ್ರಿಜ್ಜಿನ ಕೆಳಗಿನ ಅರೆಯಲ್ಲೇ ಬೇರೆಯಾಗಿಟ್ಟಳು. ಲಸಿಕೆ ಕಂಪನಿಯವರಿಗೆ ಫೋನ್ ಮಾಡಿದಳು. ನಾನು ಐಸ್ ತರಿಸಲೇ ಎಂದು ಕೇಳಿದೆ. "ಬೇಡ ಮಾವ, ಹೆಪ್ಪುಗಟ್ಟಿದರೂ ಕೆಡುತ್ತೆ" ಎಂದಳು.

ಸಂಜೆ ಬನ್ನಿಮಂಟಪದಿಂದ ಸಿಂಚನ ಎಂಬಾಕೆ ಎಳೆಗೂಸನ್ನು ಎತ್ತಿಕೊಂಡು ಬಂದಳು. ಮರುದಿನ ತವರಿಗೆ ಹೊರಟಿದ್ದಳು, ಅಷ್ಟರಲ್ಲಿ ಚುಚ್ಚುಮದ್ದು ಆಗಬೇಕಿತ್ತು. ಫ್ರಿಜ್ಜಿನ ಅಂಕಿ ಆಗಲೇ ಐದಕ್ಕೆ ಮರಳಿತ್ತು. ಆ ಕೂಸಿನ ಮುಖ ನೋಡಿ ನನ್ನ ಮನಸ್ಸು ಕರಗಿತು. ಸೊಸೆಯನ್ನು ಒಳಗೆ ಕರೆದು, "ಮತ್ತೆ ತಣ್ಣಗಾಗಿದೆಯಲ್ಲಮ್ಮ, ಒಂದು ಹಾಕಿ ಕಳಿಸಬಾರದೇ?" ಎಂದೆ.

"ಕೆಟ್ಟ ಲಸಿಕೆ ನೋಡೋದಕ್ಕೆ ಒಳ್ಳೇದರ ಹಾಗೇ ಇರಬಹುದು ಮಾವ. ಚುಚ್ಚಿದರೆ ಮಗು ಅಳುತ್ತೆ, ತಾಯಿ ನೆಮ್ಮದಿಯಾಗಿ ಹೋಗ್ತಾಳೆ. ಮಗುವಿಗೆ ರಕ್ಷಣೆ ಮಾತ್ರ ಸಿಕ್ಕಿರಲ್ಲ."

ಹೊರಗೆ ಬಂದು ಸಿಂಚನಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಚಿಕ್ಕಬಸವಯ್ಯನ ಹೆಸರೆತ್ತಲಿಲ್ಲ. "ನಮ್ಮಲ್ಲಿ ತಪ್ಪಾಗಿದೆ" ಎಂದಳು, ಅಷ್ಟೇ.

"ಡಾಕ್ಟ್ರ ಮನೇಲೇ ಇಂಗಾದ್ರೆ ಎಂಗೆ ಮೇಡಂ?"

"ನೀವು ಕೇಳೋದು ಸರಿಯಾಗೇ ಇದೆ. ವಿಜಯನಗರದಲ್ಲಿ ಮೃತ್ಯುಂಜಯ ಅಂತ ಡಾಕ್ಟರಿದ್ದಾರೆ, ಆಗಲೇ ಫೋನ್ ಮಾಡಿ ಹೇಳಿದ್ದೀನಿ, ನಿಮಗೋಸ್ಕರ ಕ್ಲಿನಿಕ್ ತೆಗೀತಿದ್ದಾರೆ. ನಾನೇ ಕರ್ಕೊಂಡು ಹೋಗ್ತೀನಿ, ಬನ್ನಿ."

ಹಬ್ಬದ ಸೀರೆಯನ್ನೂ ಉಡದೆ, ಆ ತಾಯಿಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟವಳನ್ನು ನೋಡಿ ನಾನು ಮನಸ್ಸಿನಲ್ಲೇ ಕೈಮುಗಿದೆ.

ಅವಳು ಹಿಂದಿರುಗಿದಾಗ ಚಿಕ್ಕಬಸವಯ್ಯ ಮೆಟ್ಟಿಲ ಮೇಲೆ ತಲೆತಗ್ಗಿಸಿ ಕುಳಿತಿದ್ದ. "ಮಗೀಗೆ ಆಯ್ತಾ ಅಮ್ಮ?"

"ಆಯ್ತು. ಬೀದಿಗೆಲ್ಲ ಕೇಳೋ ಹಾಗೆ ಅತ್ತಿತು."

"ಅಮ್ಮಾವ್ರು ಇದ್ದಿದ್ರೆ ಇಂಗಾಯ್ತಿರ್ನಿಲ್ಲ."

"ಹೌದು ಚಿಕ್ಕಬಸವಯ್ಯ. ಪೂಜೆ ದಿನ ಅತ್ತೆ ಆ ಸ್ವಿಚ್ಚಿನ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿರೋರು. ಯಾರನ್ನೂ ಹತ್ತಿರ ಬಿಡ್ತಿರಲಿಲ್ಲ. ನಾನು ನಿಮಗೆ ಹೇಳಬೇಕಿತ್ತು."

ಮಂಡಿನೋವಿಗೆ ಗಿರಿಜಾಂಬಾ ಅಲ್ಲಿ ಕೂರುತ್ತಾಳೆಂದು ಇಷ್ಟು ವರ್ಷವೂ ನಾನು ಅಂದುಕೊಂಡಿದ್ದೆ.

"ಅಂಗಾದ್ರೆ ಇದ್ಕೆ ರಜಾನೇ ಇಲ್ವಾ ಅಮ್ಮ?" ಎಂದ ಚಿಕ್ಕಬಸವಯ್ಯ.

"ಮಕ್ಕಳು ಹುಟ್ಟೋದು ನಿಲ್ಲಲಿ, ಕೊಡೋಣ."

ತಟ್ಟೆಯಲ್ಲಿದ್ದವುಗಳಲ್ಲಿ ಒಂದನ್ನೂ ಅವಳು ಯಾವ ಮಗುವಿಗೂ ಹಾಕಲಿಲ್ಲ. ಹೊಸ ಲಸಿಕೆಗಳು ಬಂದ ದಿನ ಸ್ನಾನಮಾಡಿ, ಲಿಂಗಪೂಜೆ ಮುಗಿಸಿ ಒಳಕೋಣೆಗೆ ಹೋದೆ. ಬಾಡಿದ ಹಾರ ತೆಗೆದೆ. ಮುಚ್ಚಿದ ಬಾಗಿಲಿಗೆ ವಿಭೂತಿ ಹಚ್ಚಿದೆ. ಸ್ವಿಚ್ಚಿನ ಪಕ್ಕದಲ್ಲಿ ಆ ಸ್ಟೂಲು ಇನ್ನೂ ಇತ್ತು. ಚಿಕ್ಕಬಸವಯ್ಯ ಕೋಣೆ ಒರೆಸಿ ಮುಗಿಸುವವರೆಗೆ ಅದರ ಮೇಲೆ ಕುಳಿತಿದ್ದೆ.