ಮಾಗಿ ಬರಲಿ

ಹಗೇವಿನ ಕೊನೆಯ ಮೂಲೆಯಲ್ಲಿ, ನೆಲಕ್ಕೆ ತಾಗಿದ ಕಲ್ಲುಗೂಡಿನಲ್ಲಿ, ಒಂದು ಬಾಟಲಿ ಮಲಗಿತ್ತು. ಅದರ ಕೊರಳಿಗೆ ಬಿಳಿಯ ನೂಲು, ನೂಲಿಗೆ ನಾಲ್ಕಾಗಿ ಮಡಿಸಿದ ಚೀಟಿ. ಉಳಿದ ಬಾಟಲಿಗಳ ಧೂಳನ್ನು ನಾನು ತಿಂಗಳಿಗೊಮ್ಮೆ ಒರೆಸುತ್ತಿದ್ದೆ. ಅದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಕಂದೀಲು ಹಿಡಿದು ಅತ್ತ ಹೋದಾಗಲೆಲ್ಲ ಗಾಜು ಕಾಣುತ್ತಿರಲಿಲ್ಲ, ನೂಲು ಕಾಣುತ್ತಿತ್ತು.

ಹಗೇವು ಎಂದರೆ ಆ ಸೀಮೆಯಲ್ಲಿ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಅಡಿವೆಪ್ಪನವರು ಅಜ್ಜನ ಕಾಲದ ಮೂರು ಹಗೇವುಗಳ ನಡುವಿನ ಗೋಡೆ ಒಡೆಸಿ, ಮೆಟ್ಟಿಲು ಕಟ್ಟಿಸಿ, ಅಲ್ಲಿ ವೈನ್ ಇಡುತ್ತಿದ್ದರು. ಮನೆಯ ಹಿಂದಿನ ಇಳಿಜಾರಿನಲ್ಲಿ ಅವರು ಬೆಳೆಯುತ್ತಿದ್ದುದು ಸಿರಾ ಎಂಬ ಒಂದೇ ಕಪ್ಪು ದ್ರಾಕ್ಷಿ. ಊರಿನವರ ಬಾಯಲ್ಲಿ ಅದು ಶಿರಾ ಆಗಿತ್ತು. "ಮಂದಿ ಶಿರಾ ತಿಂತಾರ, ಅಡಿವೆಪ್ಪ ಕುಡಸ್ತಾನ" ಎಂದು ಚಹಾದಂಗಡಿಯಲ್ಲಿ ನಗುತ್ತಿದ್ದರು. ಆ ನಗೆಯಲ್ಲಿ ಪ್ರೀತಿ ಇರಲಿಲ್ಲ. ಊರಿನ ಎಲ್ಲರೂ ಒಣದ್ರಾಕ್ಷಿ, ಅವರ ಮಾತಿನಲ್ಲಿ ಮಣೂಕ, ಮಾಡಿ ಚೆನ್ನಾಗಿದ್ದರು. ಇವರೊಬ್ಬರು ವರ್ಷಕ್ಕೆ ಮೂರೇ ಪೀಪಾಯಿ ವೈನ್ ಮಾಡಿ, ಅದನ್ನೂ ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲ.

ದೂರದ ನಗರಗಳಿಂದ ಜನ ಬರುತ್ತಿದ್ದರು. ತಿಂಗಳುಗಟ್ಟಲೆ ಮೊದಲೇ ಪತ್ರ ಬರೆದು, ಕಾದು, ಕಾರಿನಲ್ಲಿ ಬಂದು, ಅವರ ಜಗುಲಿಯ ಮೇಲೆ ಬರಿಗಾಲಲ್ಲಿ ಕೂರುತ್ತಿದ್ದರು. ಅಡಿವೆಪ್ಪನವರು ಕೇಳುತ್ತಿದ್ದುದು ಒಂದೇ ಪ್ರಶ್ನೆ.

"ಯಾವಾಗ ಕುಡೀತೀರಿ?"

ಈ ವಾರ ಎಂದವರು ಬರಿಗೈಯಲ್ಲಿ ಹೋಗುತ್ತಿದ್ದರು. ಒಮ್ಮೆ ಒಬ್ಬ ದೊಡ್ಡ ಮನುಷ್ಯ, ಬರುವ ತಿಂಗಳು ಮಗಳ ಮದುವೆ ಇದೆ, ಅವತ್ತು ತೆಗೆಯುತ್ತೇನೆ ಎಂದ. "ಮದುವಿಗೆ ಶಿರಾ ಮಾಡಸ್ರಿ, ತಿನ್ನೂ ಶಿರಾ" ಎಂದು ಹೇಳಿ ಇವರು ಎದ್ದು ಒಳಗೆ ಹೋದರು. ನೀವು ಹೇಳಿದಾಗ ಎಂದವರಿಗೆ ಎರಡು ಬಾಟಲಿ ಸಿಗುತ್ತಿತ್ತು. ಯಾವಾಗ ಎಂಬುದನ್ನು ಮುಂದೆ ಪತ್ರದಲ್ಲಿ ತಿಳಿಸುತ್ತಿದ್ದರು. ಆ ಪತ್ರಗಳನ್ನು ಬರೆಯುವುದಕ್ಕೆ ನಾನಿದ್ದೆ.

ನಾನು ಬೇರೆ ಸೀಮೆಯವನು. ಎಂ.ಎ. ಮುಗಿಸಿ, ಎಲ್ಲೂ ನಿಲ್ಲಲಾಗದೆ, ಅಲ್ಲಿಗೆ ಹೋಗಿದ್ದೆ. ಅಡಿವೆಪ್ಪನವರು ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ನನಗೆ ಅದೇ ಬೇಕಾಗಿತ್ತು. ಮಾತಾಡುವ ಮನೆಗಳಲ್ಲಿ ನನಗೆ ಉಸಿರು ಕಟ್ಟುತ್ತದೆ. ಇಬ್ಬರೂ ಎದುರುಬದುರು ಕೂತು, ಒಂದು ಸಂಜೆ ಪೂರ್ತಿ ಏನೂ ಹೇಳದೆ ಏಳುತ್ತಿದ್ದೆವು. ಹೀಗೆ ಏನೂ ಹೇಳದಿರುವುದು ಒಂದು ಗುಣ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ.

ಅವರಿಗೆ ಒಬ್ಬಳೇ ಮಗಳು, ನೀಲಾಂಬಿಕೆ. ಹೆಂಡತಿ ಬಹಳ ಹಿಂದೆಯೇ ತೀರಿದ್ದರು. ನಾನು ಬರುವ ಎರಡು ವರ್ಷ ಮೊದಲು ಆ ಊರಿನಲ್ಲಿ ಯಾರೂ ಕಂಡಿರದಂಥ ಚಳಿ ಬಿದ್ದಿತ್ತಂತೆ. ಹಣ್ಣಿಗೆ ಬಣ್ಣ ಬರಲು ತಿಂಗಳು ತಡವಾಯಿತು, ಸಿಹಿ ಬರಲೇ ಇಲ್ಲ. ಸಕ್ಕರೆ ಸೇರಿಸು, ಇಲ್ಲವೇ ಮಾರಿಬಿಡು ಎಂದಳು ಮಗಳು. ತಂದೆ ಕೇಳದೆ ಅದನ್ನೇ ಹಿಂಡಿಸಿದರು. ಗಿರಾಕಿಗಳು ಬಂದ ದಿನ ನೀಲಾಂಬಿಕೆ ಎಲ್ಲರೆದುರು ಪೀಪಾಯಿಯಿಂದ ಒಂದು ಗುಟುಕು ಕುಡಿದು, ನೆಲಕ್ಕೆ ಉಗುಳಿ, "ಹುಣಸಿಹಣ್ಣಿನ ನೀರು" ಎಂದಳು. ಅಡಿವೆಪ್ಪನವರು ಬಾಗಿಲ ಕಡೆ ಬೆರಳು ತೋರಿಸಿದರು. ಅವಳು ಹೋದವಳು ಮತ್ತೆ ಬರಲಿಲ್ಲ. ಅದೇ ಊರಿನ ಮತ್ತೊಂದು ತುದಿಯಲ್ಲಿ, ಒಣದ್ರಾಕ್ಷಿಯ ವ್ಯಾಪಾರದವನನ್ನು ಮದುವೆಯಾಗಿ ಉಳಿದಳು.

ಆ ಚಳಿ ವರ್ಷದ ವೈನಿಗಾಗಿಯೇ ನಾನು ಅತಿ ಹೆಚ್ಚು ಪತ್ರ ಬರೆದೆ. ಕೊಂಡವರೆಲ್ಲ ತೆರೆದು ನೋಡಿ ಬೈದಿದ್ದರು. ಹುಳಿ, ತೆಳು, ಮೋಸ. ನಾನು ಎಲ್ಲರಿಗೂ ಒಂದೇ ಮಾತು ಬರೆಯುತ್ತಿದ್ದೆ: ಕಾಯಿರಿ. ಆ ವೈನಿನ ಎಂಟನೆಯ ವರ್ಷದ ಹೊತ್ತಿಗೆ ಪತ್ರಗಳ ಧಾಟಿ ಬದಲಾಯಿತು. ಹತ್ತನೆಯ ವರ್ಷ, ಇನ್ನೊಂದು ಬಾಟಲಿ ಇದ್ದರೆ ಏನು ಬೇಕಾದರೂ ಕೊಡುತ್ತೇವೆ ಎಂದು ಬರೆದರು.

ಹನ್ನೆರಡನೆಯ ವರ್ಷದ ಶ್ರಾವಣದಲ್ಲಿ ಅಡಿವೆಪ್ಪನವರು ತೀರಿಕೊಂಡರು.

ಮಣ್ಣಿಗೆ ಬಂದ ಮಗಳು ಅಳಲಿಲ್ಲ. ಹದಿನೈದು ದಿನ ಕಳೆದು ಒಂದು ಬೆಳಿಗ್ಗೆ ಬಂದು ಜಗುಲಿಯ ಮೇಲೆ ಕೂತು, ಕೈ ಚಾಚಿ ನನ್ನಿಂದ ಬೀಗದ ಕೈ ಗೊಂಚಲು ತೆಗೆದುಕೊಂಡಳು.

"ಮಾಸ್ತರ್ರ, ಚಾಟನಿಗೆ ಎಷ್ಟು ದಿನ ಐತಿ?"

ಮಳೆ ಹಿಂದಾದ ಮೇಲೆ ಬಳ್ಳಿಯ ಕಡ್ಡಿ ಕತ್ತರಿಸುವುದಕ್ಕೆ ಅಲ್ಲಿ ಚಾಟನಿ ಎನ್ನುತ್ತಾರೆ. ಅದು ಆದರೆ ಮಾತ್ರ ಬಳ್ಳಿ ಫಲ ಹಿಡಿಯುತ್ತದೆ.

"ಇನ್ನು ಇಪ್ಪತ್ತು ದಿನ, ನೀಲಕ್ಕ."

"ಮಾಡಸಾಂಗಿಲ್ಲ. ಎಲ್ಲಾ ಕಿತ್ತಸ್ತೀನಿ. ಮಣೂಕದ ಗಿಡ ಹಚ್ಚೂದು."

ನಲವತ್ತು ವರ್ಷದ ಬಳ್ಳಿಗಳು ಎಂದೆ. ಇಂಥವು ಬೇರೆಲ್ಲೂ ಇಲ್ಲ ಎಂದೆ. ದೂರದವರು ಬರೆದ ಪತ್ರಗಳ ಕಟ್ಟು ತಂದು ಅವಳ ಮುಂದಿಟ್ಟೆ. ಅವಳು ಅದನ್ನು ಬಿಚ್ಚಲಿಲ್ಲ.

"ಬ್ಯಾರೇದವರ ನಾಲಿಗಿ ತಗೊಂಡು ನಾ ಏನ ಮಾಡ್ಲಿ? ಆ ವರ್ಷದ್ದು ಒಂದು ಬಾಟ್ಲಿ ಇದ್ರ ತರ್ರಿ. ನಾನ ಕುಡದು ನೋಡ್ತೀನಿ. ಚಲೋ ಇದ್ರ ಗಿಡ ಇರ್ತಾವ. ಅವತ್ತಿನಂಗ ಹುಳಿ ಇದ್ರ ಸೋಮವಾರ ಆಳು ಬರ್ತಾವ, ಪಿಕಾಸಿ ತಗೊಂಡು."

"ಒಂದೂ ಉಳಿದಿಲ್ಲ" ಎಂದೆ.

"ಹಂಗಂದ್ರ ಮುಗೀತಲ್ಲ."

ಸುಳ್ಳು ನನ್ನ ಬಾಯಿಂದ ಸಲೀಸಾಗಿ ಬಂದಿತ್ತು. ಆ ಬಾಟಲಿಯ ವಿಷಯದಲ್ಲಿ ನನಗೆ ಅಭ್ಯಾಸವಿತ್ತು. ಆದರೆ ಶನಿವಾರದವರೆಗೆ ನಾನು ಇಳಿಜಾರಿನ ಸಾಲುಗಳ ನಡುವೆ ಓಡಾಡಿದೆ. ನನ್ನ ತೊಡೆಯಷ್ಟು ದಪ್ಪದ ಕಾಂಡಗಳು. ಅವನ್ನು ಉಳಿಸಬಲ್ಲದ್ದು ಹಗೇವಿನ ಮೂಲೆಯಲ್ಲಿ ಮಲಗಿತ್ತು, ಮತ್ತು ಅದೇ ನನ್ನನ್ನು ಕೆಡವಬಲ್ಲದ್ದು. ಭಾನುವಾರ ಅವಳು ಬಂದಾಗ ಹೇಳಿದೆ.

"ಒಂದು ಇದೆ. ಆದರೆ ಇನ್ನೂ ಎರಡು ವರ್ಷ ಬೇಕು ಅದಕ್ಕೆ. ಚಳಿಗೆ ಬೆಳೆದ ಹಣ್ಣು. ನಿಧಾನ. ಈಗ ತೆಗೆದರೆ ಅನ್ಯಾಯವಾಗುತ್ತದೆ."

"ಮೊನ್ನಿ ಇಲ್ಲ ಅಂದ್ರಿ. ಇವತ್ತು ಐತಿ ಅಂತೀರಿ. ಮ್ಯಾಲ ಎರಡು ವರ್ಷ ಬೇಕು ಅಂತೀರಿ." ಅವಳು ನಗದೆ ನನ್ನನ್ನೇ ನೋಡಿದಳು. "ಎಂ.ಎ. ದಾಗ ಇದನ್ನ ಕಲಸ್ತಾರೇನು?"

"ತರುತ್ತೇನೆ, ಇಲ್ಲೇ ಕೂತಿರಿ."

ಅವಳು ಕೊಟ್ಟ ಬೀಗದ ಕೈಯಿಂದ ಹಗೇವು ತೆರೆದು, ಮೆಟ್ಟಿಲು ಇಳಿದು, ನೇರ ಮೂಲೆಗೆ ಹೋಗಿ, ಮಂಡಿಯೂರಿ, ಜೇಬಿನಿಂದ ಕತ್ತರಿ ತೆಗೆದೆ. ನೂಲು ಕತ್ತರಿಸಿ ಚೀಟಿಯನ್ನು ಬಾಯಿಗೆ ಹಾಕಿಕೊಂಡರೂ ಸರಿ ಎಂದು ಯೋಚಿಸಿದ್ದೆ. ಕತ್ತರಿ ನೂಲಿಗೆ ತಾಗುವ ಹೊತ್ತಿಗೆ ನನ್ನ ಹಿಂದೆ ಬೆಳಕು ಬಿತ್ತು. ಅವಳು ಚಪ್ಪಲಿ ಬಿಟ್ಟು, ಕಂದೀಲು ಹಿಡಿದು, ಸದ್ದಿಲ್ಲದೆ ಇಳಿದು ಬಂದಿದ್ದಳು.

"ಕೈ ತಗೀರಿ."

ಅವಳೇ ಬಾಗಿ ಬಾಟಲಿ ಎತ್ತಿಕೊಂಡು, ಚೀಟಿ ಬಿಚ್ಚಿ, ಬೆಳಕಿಗೆ ಹಿಡಿದಳು. ಅಡಿವೆಪ್ಪನವರ ಅಕ್ಷರ ದೊಡ್ಡದು, ಓರೆ. ನನಗೆ ಅದು ಬಾಯಿಪಾಠವಾಗಿತ್ತು. *ಮಾಗಿ ಬರಲಿ. ಆಮೇಲೆ ನೀಲವ್ವಗೆ ಮುಟ್ಟಿಸು. ತಾನೇ ತೆಗೆದು ಕುಡಿಯಲಿ.*

ಅವಳು ಎರಡು ಸಲ ಓದಿದಳು. ಎರಡನೆಯ ಸಲ ತುಟಿ ಅಲುಗಾಡಿತು.

"ಯಾವಾಗ ಕೊಟ್ಟಿದ್ದ ಇದನ್ನ?"

"ನಾನು ಬಂದ ಎರಡನೇ ತಿಂಗಳು. ಬಾಟಲಿಗೆ ತುಂಬಿದ ವರ್ಷ."

"ಅಂದ್ರ ಹತ್ತು ವರ್ಷ."

"ನನಗೆ ಅರ್ಥವಾದದ್ದು ಬೇರೆ, ನೀಲಕ್ಕ. ವೈನು ಮಾಗಿ ಬರಲಿ, ಹದವಾಗಲಿ, ಆಮೇಲೆ ಕೊಡು ಅಂತ ಓದಿಕೊಂಡೆ. ನಮ್ಮ ಕಡೆ ಚಳಿಗಾಲವನ್ನು ಚಳಿಗಾಲ ಎನ್ನುತ್ತೇವೆ. ಮಾಗಿ ಎನ್ನುವುದಿಲ್ಲ. ಅದಕ್ಕೇ ವರ್ಷ ವರ್ಷ ಕಾದೆ."

ಇದು ಸುಳ್ಳಲ್ಲ. ಸುತ್ತ ಇರುವುದೆಲ್ಲ ಮಾಗುವುದಕ್ಕೇ ಕಾಯುತ್ತಿರುವಾಗ ಆ ಪದ ನನಗೆ ಬೇರೆ ರೀತಿಯಲ್ಲಿ ಹೊಳೆಯಲೇ ಇಲ್ಲ. ಅವಳು ಚೀಟಿಯನ್ನು ಮತ್ತೆ ನಾಲ್ಕಾಗಿ ಮಡಿಸಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು.

"ಎಷ್ಟು ದಿನ ಹಂಗ ತಿಳಕೊಂಡಿದ್ರಿ?"

ಹತ್ತು ವರ್ಷ ಎಂದು ಹೇಳಬಹುದಿತ್ತು. ಅದನ್ನೇ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಹೊರಬಿದ್ದದ್ದು ಬೇರೆ.

"ನಾಲ್ಕು ತಿಂಗಳು."

ನಾನು ಬಂದ ವರ್ಷದ ಎಳ್ಳಮಾವಾಸ್ಯೆ. ಆ ಸೀಮೆಯಲ್ಲಿ ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿಗೆ ಎಡೆ ತೋರಿಸಿ, ಅಲ್ಲೇ ಉಣ್ಣುತ್ತಾರೆ. ಮನೆಮಂದಿ ಎಂದರೆ ನಾವಿಬ್ಬರೇ. ಅಡಿವೆಪ್ಪನವರು ಬಳ್ಳಿಗಳ ಕೆಳಗೆ ಮೂರು ಬಾಳೆಲೆ ಹಾಕಿದರು. ಸಜ್ಜೆ ಕಡಬು, ಭರ್ತ, ಎಲ್ಲವನ್ನೂ ಮೂರನೆಯ ಎಲೆಗೂ ಬಡಿಸಿ ಕೂತರು. ತಣ್ಣನೆಯ ಗಾಳಿ ಬೀಸುತ್ತಿತ್ತು. ಅವರು ಕಂಬಳಿ ಹೊದ್ದುಕೊಂಡು ದಾರಿಯ ಕಡೆ ನೋಡುತ್ತಾ, "ಮಾಗಿ ಬಂತಲ್ಲ, ತಮ್ಮಾ" ಎಂದರು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಮುಟ್ಟಿತೇನು?"

ಮುಟ್ಟಿಲ್ಲ, ನಾನು ತಪ್ಪು ಓದಿದೆ ಎನ್ನಬೇಕಿತ್ತು. ಅಷ್ಟು ಓದಿದವನು ಮೂರು ಸಾಲಿನ ಚೀಟಿ ಓದಲಾರದೆ ಹೋದೆ ಎನ್ನಲು ನನಗೆ ನಾಚಿಕೆಯಾಯಿತು. "ಮುಟ್ಟಿತು" ಎಂದೆ. ನಾಳೆ ಬೆಳಿಗ್ಗೆಯೇ ಕೊಟ್ಟು ಬಂದರಾಯಿತು ಎಂದುಕೊಂಡೆ. ಅವರು ತಲೆಯಾಡಿಸಿದರು. ಬಿಸಿಲು ಇಳಿಯುವವರೆಗೆ ದಾರಿ ನೋಡಿದರು. ಆಮೇಲೆ ಮೂರನೆಯ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ಸರಿಸಿ, "ಉಣ್ಣು" ಎಂದರು. ನಾನು ಉಂಡೆ.

ಮರುದಿನ ನಾನು ಹೋಗಲಿಲ್ಲ. ಅವರ ಮೊಣಕಾಲು ಕೆಟ್ಟು ಹಗೇವಿಗೆ ಇಳಿಯುವುದು ನಿಂತಿತ್ತು. ಬಾಟಲಿಯನ್ನು ಕೊನೆಯ ಮೂಲೆಗೆ ಸರಿಸಿದೆ. ಅವರು ಮತ್ತೆ ಕೇಳಲಿಲ್ಲ. ಮುಂದಿನ ವರ್ಷದಿಂದ ಎರಡೇ ಎಲೆ ಹಾಕಿದರು.

ಇಷ್ಟನ್ನೂ ನಾನು ಕತ್ತಲೆಯ ಕಡೆ ಮುಖ ಮಾಡಿ ಹೇಳಿದೆ. ಮುಗಿದ ಮೇಲೆ, "ಮ್ಯಾಲ ನಡೀರಿ" ಎಂದಳು.

ಜಗುಲಿಯ ಮೇಲೆ ಅವಳೇ ಬಿರಡೆ ತೆಗೆದಳು. ತುದಿ ಮುರಿಯದಂತೆ ಮೆಲ್ಲಗೆ ತಿರುಗಿಸಿ ಎಳೆದ ಕೈ ಆ ಮನೆಯಲ್ಲೇ ಬೆಳೆದದ್ದು ಎಂದು ಗೊತ್ತಾಗುತ್ತಿತ್ತು. ಎರಡು ಗ್ಲಾಸು ಇಟ್ಟು, ಒಂದಕ್ಕೇ ಸುರಿದಳು. ಅಂಚಿನಲ್ಲಿ ಇಟ್ಟಿಗೆಯ ಬಣ್ಣ, ನಡುವೆ ಇನ್ನೂ ಕಡುಗೆಂಪು. ಮೂಗಿಗೆ ಹಿಡಿದು ಬಹಳ ಹೊತ್ತು ಕೂತಳು. ನಾನು ಇಳಿಜಾರಿನ ಕಡೆ ನೋಡುತ್ತಿದ್ದೆ. ಅವಳು ಉಗುಳುವ ಸದ್ದಿಗೆ ಕಾಯುತ್ತಿದ್ದೆ. ಸದ್ದು ಬರಲಿಲ್ಲ.

"ಕರಿಮೆಣಸು ಜಜ್ಜಿದಂಗ ಐತಿ" ಎಂದಳು. "ತಂಪು ಐತಿ. ಹುಳಿ ಅಂತೂ ಇಲ್ಲ."

"ನಾನು ಹೇಳಿದ್ದೆನಲ್ಲ. ಕಾಯಬೇಕಿತ್ತು. ಆಗಲೇ ತೆಗೆದಿದ್ದರೆ—"

"ಆಗ ತಗದಿದ್ರ ಹುಳೀನ ಇರ್ತಿತ್ತು." ಅವಳು ಗ್ಲಾಸನ್ನು ಕೆಳಗಿಟ್ಟಳು. "ಅದು ಅಪ್ಪಗ ಗೊತ್ತಿರಲಿಲ್ಲ ಅಂತ ಮಾಡೀರೇನು? ಯಾವಾಗ ಕುಡೀತಿ ಅಂತ ಊರ ಮಂದೀನೆಲ್ಲಾ ಕೇಳಾಂವ, ಎರಡು ವರ್ಷದ ವೈನ್ ಈ ಮಾಗಿಗೇ ತಗದು ಕುಡಿ ಅಂತ ನನಗ್ಯಾಕ ಬರೀತಾನ?"

ಹತ್ತು ವರ್ಷ ಆ ಚೀಟಿಯನ್ನು ಕಾದವನಿಗೆ ಅದರಲ್ಲಿದ್ದುದು ಕಂಡೇ ಇರಲಿಲ್ಲ.

"ಹುಳಿ ಐತಿ, ನೀ ಅಂದದ್ದು ಖರೆ ಅಂತ ಹೇಳಾಕ ಕಳಿಸಿದ್ದ" ಎಂದಳು. "ಬಾಯಿಲೆ ಹೇಳಾಕ ಬರ್ತಿರಲಿಲ್ಲ ಅವಗ. ಆ ಮಾತ ಬಾಟ್ಲಿ ಕೈಯಾಗ ಕೊಟ್ಟ. ಬಾಟ್ಲಿ ನಿಮ್ಮ ಕೈಯಾಗ ಕೊಟ್ಟ."

ಇನ್ನೊಂದು ಗ್ಲಾಸು ಅವಳ ಪಕ್ಕದಲ್ಲಿ ಬರಿದಾಗಿಯೇ ಇತ್ತು. ನನ್ನ ಕಣ್ಣು ಅತ್ತ ಹೋದದ್ದನ್ನು ಅವಳು ನೋಡಿದಳು. ಹತ್ತು ವರ್ಷದಲ್ಲಿ ನಾನು ಆ ವರ್ಷದ ವೈನನ್ನು ಒಮ್ಮೆಯೂ ಕುಡಿದಿರಲಿಲ್ಲ. ಅದರ ಬಗ್ಗೆ ಬರೀ ಬರೆದಿದ್ದೆ.

"ನಿಮಗ ಬ್ಯಾಡ" ಎಂದಳು. "ನೀವು ಹತ್ತು ವರ್ಷ ಕುಡದೀರಿ."

ಬಿರಡೆಯನ್ನು ತಿರುಗಿ ಒತ್ತಿ, ಬಾಟಲಿಯನ್ನು ಸೆರಗಿನೊಳಗೆ ಹಿಡಿದು ಎದ್ದಳು. "ಗಿಡ ಇರ್ತಾವ. ಚಾಟನಿಗೆ ಆಳು ಹೇಳ್ತೀನಿ. ನೀವು ಇರಬ್ಯಾಡ್ರಿ."

ಹೊರಡುವ ಮೊದಲು ನಾನು ಒಂದು ಮಾತು ಆಡಿದೆ. ಆ ಮಾತು ಈಗಲೂ ನನಗೆ ಅಸಹ್ಯ. "ಚಾಟನಿ ಮುಗಿಯುವವರೆಗೆ ಇರುತ್ತೇನೆ. ಬಳ್ಳಿ ನನಗೆ ಗೊತ್ತು. ನಿಮಗೆ ಅಭ್ಯಾಸ ತಪ್ಪಿ ಹೋಗಿದೆ."

"ತಪ್ಪಲಿ" ಎಂದಳು.

ಮೂರು ವಾರ ಊರಿನಲ್ಲೇ ಒಂದು ಕೋಣೆ ಹಿಡಿದು ಸುಮ್ಮನೆ ಬಿದ್ದಿದ್ದೆ. ಯಾಕೆ ಹೋಗಲಿಲ್ಲವೋ ತಿಳಿಯದು. ಚಹಾದಂಗಡಿಯವನು ಚಹಾ ಕೊಡುವಾಗ ನನ್ನ ಮುಖ ನೋಡುವುದನ್ನು ಬಿಟ್ಟಿದ್ದ. ಕೊನೆಗೆ ಪೆಟ್ಟಿಗೆ ಎತ್ತಿಕೊಂಡು ಬಸ್ಸಿಗೆ ಹೊರಟ ದಿನವೇ ಇಳಿಜಾರಿನಲ್ಲಿ ಚಾಟನಿ ಶುರುವಾಗಿತ್ತು. ದಾರಿ ಬೇಲಿಯ ಪಕ್ಕದಲ್ಲೇ ಹಾದು ಹೋಗುತ್ತದೆ. ಹತ್ತು ಹನ್ನೆರಡು ಹೆಂಗಸರು ಸಾಲುಗಳ ನಡುವೆ ಹರಡಿಕೊಂಡಿದ್ದರು. ಮೊದಲ ಸಾಲಿನಲ್ಲಿ ನೀಲಾಂಬಿಕೆ ತಾನೇ ಕತ್ತರಿ ಹಿಡಿದು ನಿಂತಿದ್ದಳು.

ಅವಳು ಕಡ್ಡಿಯನ್ನು ತೀರ ಮೇಲೆ ಹಿಡಿದಿದ್ದಳು. ಅಲ್ಲಿ ಕತ್ತರಿಸಿದರೆ ಚಿಗುರು ಬೆಳೆಯುತ್ತದೆ, ಗೊಂಚಲು ಬರುವುದಿಲ್ಲ. ಆ ತಳಿಗೆ ಒಂದು ಕಣ್ಣು, ಎಂದರೆ ಚಿಗುರೊಡೆಯುವ ಒಂದು ಗೆಣ್ಣು, ಕೆಳಗೆ ಹೋಗಬೇಕು. ಬೇಲಿಯಾಚೆ ನಿಂತು ನಾನು ಬಾಯಿ ತೆರೆದೆ, ಮುಚ್ಚಿದೆ. ಅಷ್ಟರಲ್ಲಿ ಪಕ್ಕದ ಸಾಲಿನಿಂದ ಒಬ್ಬ ಮುದುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. ಏನೋ ಗೊಣಗಿ, ನೀಲಾಂಬಿಕೆಯ ಮಣಿಕಟ್ಟು ಹಿಡಿದು, ಕತ್ತರಿಯನ್ನು ಒಂದು ಕಣ್ಣು ಕೆಳಕ್ಕೆ ಸರಿಸಿದಳು. ಕಡ್ಡಿ ತುಂಡಾಗಿ ಬಿತ್ತು. ಮುದುಕಿ ಮಣಿಕಟ್ಟು ಬಿಡದೆ ಅವಳನ್ನು ಮುಂದಿನ ಬಳ್ಳಿಗೆ ಕರೆದುಕೊಂಡು ಹೋದಳು.