ಸಿಂಗಳೀಕ ಇಲ್ಲದ ಊರು

ಕ್ಯಾಮರಾ ಹೊತ್ತು ಬಂದವರನ್ನು ಬೈದು ಅಟ್ಟಬಾರದು, ಜೊತೆಗೇ ಹೋಗಿ ಸುತ್ತಿಸಿ, ಸುಸ್ತು ಮಾಡಿ ಕಳಿಸಬೇಕು. ಹೊಳೆಯಾಚೆಯ ನಾಲ್ಕು ಮನೆಯವರು ಇದನ್ನು ಕಲಿತುಕೊಂಡಿದ್ದರು. ಬೈದರೆ ಅವರು ತಾವೇ ಕಾಡಿಗೆ ನುಗ್ಗುತ್ತಾರೆ, ನುಗ್ಗಿದರೆ ಏನಾದರೂ ಕಂಡೇ ಕಾಣುತ್ತದೆ. ಹಾಗಾಗಿ ಎನ್.ಆರ್. ಪುರದ ಸೋಮನಾಥ್ ಎಂಬವನು ಕೆರೆಕಟ್ಟೆ ರಸ್ತೆಯಲ್ಲಿ ಬೈಕು ನಿಲ್ಲಿಸಿ, ಹೊಳೆಗೆ ಅಡ್ಡ ಹಾಕಿದ ಮರದ ಸಂಕ ದಾಟಿ ಬಂದು, ಸಿಂಗಳೀಕ ಎಲ್ಲಿ ಸಿಗುತ್ತವೆ ಎಂದು ಕೇಳಿದಾಗ ಹೊನ್ನಕ್ಕ ಮೊದಲು ಕಾಫಿ ಕೊಟ್ಟಳು. ಆಮೇಲೆ, "ಬನ್ನಿ, ತೋರಿಸ್ತೀನಿ" ಎಂದು ಮುಂದಾದಳು.

ತೋರಿಸಿದ್ದು ರಕ್ತ ಹೀರುವ ಇಂಬಳಗಳನ್ನು. ಮೇ ತಿಂಗಳ ಎರಡು ಮಳೆ ಬಿದ್ದು ತರಗೆಲೆಯೆಲ್ಲ ಅಲುಗಾಡುತ್ತಿತ್ತು. ಗುಡ್ಡದ ಬೆನ್ನಿಗೆ ಹತ್ತಿಸಿ, ಇನ್ನೊಂದು ಮಗ್ಗುಲಲ್ಲಿ ಇಳಿಸಿ, ಮತ್ತೆ ಹತ್ತಿಸಿದಳು. ಅವನ ಕಾಲುಚೀಲ ರಕ್ತದಲ್ಲಿ ನೆನೆದಿತ್ತು.

"ಇಲ್ಲಿ ಕಡೆಗೆ ಕಂಡಿದ್ದು ಯಾವಾಗ?"

"ನನ್ನ ಮದುವೆ ಟೈಮಲ್ಲಿ ಇದ್ವು ಮಾರಾಯ್ರೆ."

"ನೀವು ಬೇಕಂತಲೇ ಸುತ್ತಿಸ್ತಿದೀರಿ, ಹೊನ್ನಕ್ಕ."

"ಕಾಡು ನೋಡಕ್ಕೆ ಬಂದೋರಿಗೆ ಕಾಡು ತೋರಿಸ್ಬಾರ್ದಾ?"

ಅವನು ನಕ್ಕ. ಆ ನಗು ಅವಳಿಗೆ ಸೇರಲಿಲ್ಲ. ಗುಡ್ಡದಾಚೆಯ ಊರಿಗೆ ಬಂದಿದ್ದ ಕ್ಯಾಮರಾದವನೂ ಹೀಗೇ ನಗುತ್ತಿದ್ದನಂತೆ. ಸಿಂಗಳೀಕದ ಫೋಟೋ ತೆಗೆದು, ಜಾಗದ ಸಮೇತ ಮೊಬೈಲಿನ ನಕ್ಷೆಗೆ ಏರಿಸಿದ. ಆ ಊರಿಗೆ ಮಂಜೂರಾಗಿದ್ದ ರಸ್ತೆ ಅಲ್ಲಿಗೇ ನಿಂತಿತು. ಅಷ್ಟು ಅಪರೂಪದ ಪ್ರಾಣಿ ಇರುವ ಕಡೆ ಮನುಷ್ಯರು ಯಾಕಿರಬೇಕು ಎಂದು ಮೇಲಿನವರು ಕೇಳಿದರಂತೆ. ಈ ಹೊಳೆಗೆ ಕಾಂಕ್ರೀಟ್ ಕಾಲುಸಂಕ ಬೇಕೆಂದು ಅಲೆದು ಅಲೆದ ಮೇಲೆ, ಸೋಮವಾರ ಇಂಜಿನಿಯರ್ ಜಾಗ ನೋಡಲು ಬರುವುದಿತ್ತು. ಹೋದ ಮಳೆಗಾಲದಲ್ಲಿ ಮೈದುನ ಜಟ್ಟಪ್ಪನ ಹೆಂಡತಿಗೆ ಹೆರಿಗೆ ನೋವು ಬಂದ ದಿನ, ಇದ್ದ ಸಂಕ ಕೊಚ್ಚಿಹೋಗಿತ್ತು. ಮಗು ಉಳಿಯಲಿಲ್ಲ. ಈ ಆಷಾಢಕ್ಕೆ ಹೊನ್ನಕ್ಕನ ಸೊಸೆ ತುಂಗಾಳಿಗೆ ದಿನ ತುಂಬುತ್ತದೆ.

ಮಧ್ಯಾಹ್ನದ ಹೊತ್ತಿಗೆ ಸೋಮನಾಥ್ ಸೋತ. "ಸಾಕು, ವಾಪಸ್ ಹೋಗಣ" ಎಂದ.

ವಾಪಸು ಹೋಗುವ ದಾರಿ ಹೊಳೆಯ ದಂಡೆಯ ಹೆಬ್ಬಲಸಿನ ಮರದ ಕೆಳಗೇ ಹಾಯುತ್ತದೆ. ವಾರದಿಂದ ಸಿಂಗಳೀಕಗಳ ಹಿಂಡು ಆ ಮರದಲ್ಲೇ ಬೀಡುಬಿಟ್ಟಿತ್ತು. ತಗಡು ಬಡಿದು ಅವನ್ನು ಕಾಡಿನೊಳಗೆ ಅಟ್ಟುವುದು ಜಟ್ಟಪ್ಪನ ಕೆಲಸ. ತಗಡಿನ ಸದ್ದೇ ಕೇಳಿಬರಲಿಲ್ಲ. ಮಲಗಿದ್ದಾನೋ ಏನೋ ಎಂದುಕೊಂಡ ಹೊನ್ನಕ್ಕ, ಬಾಯಿಗೆ ಕೈ ಅಡ್ಡ ಹಿಡಿದು ಕೂ ಹಾಕಿದಳು. ಚಿಕ್ಕದಾಗಿ ಎರಡು ಸಲ. ಹೊರಗಿನವರಿದ್ದಾರೆ ಎಂದು ಅದರ ಅರ್ಥ. ಹುಟ್ಟಿದಾಗಿನಿಂದ ಕಾಡಿನಲ್ಲಿ ಒಬ್ಬರನ್ನೊಬ್ಬರು ಕರೆದದ್ದೇ ಹಾಗೆ. ಬೇರೆ ಯೋಚನೆಯೇ ಬರಲಿಲ್ಲ.

ಮರದಿಂದ ಮರುಕೂ ಬಂತು. ಜಟ್ಟಪ್ಪನ ಗಂಟಲಿನದಲ್ಲ.

ಬೇರೆ ಗಂಡು ತನ್ನ ಮರಕ್ಕೆ ಬಂತೆಂದು ತಿಳಿದ ಹಿಂಡಿನ ಯಜಮಾನ ಮೇಲಿನ ಕೊಂಬೆಗೆ ಜಿಗಿದು, ಮುಖದ ಸುತ್ತ ಬಿಳಿ ಕೂದಲು ಕೆದರಿಕೊಂಡು, ಇನ್ನೂ ಜೋರಾಗಿ ಕೂಗಿತು. ಹೊನ್ನಕ್ಕ ತಿರುಗುವಷ್ಟರಲ್ಲಿ ಕ್ಯಾಮರಾ ಟಿಕಟಿಕ ಎನ್ನತೊಡಗಿತ್ತು. ಮರಿ ಹೊತ್ತ ಹೆಣ್ಣುಗಳು, ಹಣ್ಣು ಸೀಳುವ ಕೈಗಳು, ಒಂದನ್ನೂ ಅವನು ಬಿಡಲಿಲ್ಲ.

"ನಿಮ್ಮ ಮದುವೆ ಇತ್ತೀಚೆಗಾಯ್ತು ಅನ್ಸುತ್ತೆ" ಎಂದ.

"ಅದನ್ನ ಅಳಿಸಿಬಿಡಿ. ನಮ್ಮ ಸಂಕ ತಪ್ಪುತ್ತೆ."

"ಪ್ರಪಂಚದಲ್ಲಿ ಇವು ಎಷ್ಟು ಉಳಿದಿವೆ ಗೊತ್ತಾ ನಿಮಗೆ?"

"ನಮ್ಮನೇಲಿ ಎಷ್ಟು ಜನ ಉಳ್ದಿದೀವಿ ಅಂತ ನೀವು ಕೇಳಿದ್ರಾ?"

ಅವನು ಮತ್ತೆ ಕ್ಯಾಮರಾ ಎತ್ತಿದ. ಹೊನ್ನಕ್ಕ ಸಂಕದ ಕಡೆ ನಡೆದಳು. ಕಣ್ಣುಜ್ಜಿಕೊಳ್ಳುತ್ತ ಬಂದ ಜಟ್ಟಪ್ಪ ಅತ್ತಿಗೆಯ ಮುಖ ನೋಡಿದ, ಮರ ನೋಡಿದ, ಕ್ಯಾಮರಾ ನೋಡಿದ. ಅವಳ ಹಿಂದೆಯೇ ಸಂಕ ದಾಟಿದ. ಎರಡು ಅಡಿಕೆ ಮರ ಜೋಡಿಸಿ ಬೆತ್ತದಲ್ಲಿ ಬಿಗಿದ ಸಂಕ ಅದು. ರಸ್ತೆ ಕಡೆಯ ದಡದಲ್ಲಿ ಕುಕ್ಕರಗಾಲಲ್ಲಿ ಕೂತು, ಸೊಂಟದ ಕತ್ತಿ ತೆಗೆದು ಬೆತ್ತದ ಕಟ್ಟಿನ ಮೇಲಿಟ್ಟ.

"ಇದೆಂತದ್ರೀ?" ಆಚೆ ದಡದಿಂದ ಸೋಮನಾಥ್ ಕೇಳಿದ.

"ಕಾಲಿಡಿ. ನೀವು ನಡುಮಧ್ಯ ಬಂದಾಗ ಕಡೀತೀನಿ."

ಕೆಳಗೆ ಹೊಳೆ ಕೆಂಪಾಗಿ, ಬಂಡೆಗಳಿಗೆ ಬಡಿದು ಓಡುತ್ತಿತ್ತು. ಸೋಮನಾಥ್ ಮೊಬೈಲ್ ತೆಗೆದು ಎತ್ತಿ ಹಿಡಿದ.

"ಸಿಗ್ನಲ್ ಶೃಂಗೇರಿ ಕಡೆ ಹೋದ್ರೆ ಸಿಗುತ್ತೆ" ಎಂದಳು ಹೊನ್ನಕ್ಕ. "ಅಲ್ಲಿಗೆ ಹೋಗಕ್ಕೆ ಈ ಸಂಕವೇ ಆಗ್ಬೇಕು. ಕಾರ್ಡ್ ತೆಗ್ದು ನೀರಿಗೆ ಹಾಕಿ."

ಅವನು ಪೊಲೀಸರ ಹೆಸರೆತ್ತಿದ. ತನಗೆ ಪರಿಚಯವಿರುವ ಅಧಿಕಾರಿಗಳ ಮಾತಾಡಿದ. ಜಟ್ಟಪ್ಪ ಬೆತ್ತದ ಒಂದು ಎಳೆ ಕತ್ತರಿಸಿದ. ಸಂಕ ಕಿರ್ ಎಂದಿತು. ಸೋಮನಾಥ್ ಬೆನ್ನು ತಿರುಗಿಸಿ ಕ್ಯಾಮರಾದ ಬಾಗಿಲು ತೆಗೆದ. ಚಿಕ್ಕದೊಂದು ಕಪ್ಪು ಚೂರನ್ನು ಇಬ್ಬರಿಗೂ ಕಾಣುವಂತೆ ಹಿಡಿದು ಹೊಳೆಗೆ ಎಸೆದ.

ಜಟ್ಟಪ್ಪ ಕಟ್ಟಿನ ಮೇಲಿಂದ ಕತ್ತಿ ತೆಗೆದ. ಸೋಮನಾಥ್ ಅಂಬೆಗಾಲಲ್ಲಿ ದಾಟಿ ಬಂದ. ಯಾರೂ ಕೈ ಕೊಡಲಿಲ್ಲ. ಬೈಕು ಹತ್ತಿ, ಹೆಲ್ಮೆಟ್ ಹಾಕಿ, ಗಾಡಿ ಶುರುವಾದ ಮೇಲೆ ಅವನಿಗೆ ದನಿ ಬಂತು.

"ಈ ಕ್ಯಾಮರಾದಲ್ಲಿ ಎರಡು ಕಾರ್ಡ್ ಇರ್ತವೆ ಹೊನ್ನಕ್ಕ. ಒಂದು ಹಾಳಾದ್ರೆ ಇನ್ನೊಂದಿರ್ಲಿ ಅಂತ."

ಜಟ್ಟಪ್ಪ ಕಲ್ಲು ಹಿಡಿದು ತಿರುವಿನವರೆಗೆ ಓಡಿ, ಬರಿಗೈಯಲ್ಲಿ ಮರಳಿದ.

"ಇನ್ನು ಇಂಜಿನಿಯರ್ ಬಂದ್ರೂ ಒಂದೇ, ಬಿಟ್ರೂ ಒಂದೇ" ಎಂದ. "ನಾನು ಸ್ವಲ್ಪ ಒರಗಿದ್ದೆ ಅತ್ತಿಗೆ, ಅಷ್ಟೇ."

ಹೊನ್ನಕ್ಕ ಆಚೆ ದಡದ ಹೆಬ್ಬಲಸನ್ನು ಬುಡದಿಂದ ತುದಿಯವರೆಗೆ ನೋಡುತ್ತಿದ್ದಳು. ಕೊಂಬೆಯೊಡೆಯದೆ ನೇರ ಎದ್ದ ಮರ. ಮೇಲೆ ಹಿಂಡು ಹಣ್ಣು ತಿನ್ನುತ್ತ ಸಿಪ್ಪೆ ಉದುರಿಸುತ್ತಿತ್ತು.

"ಅದನ್ನ ಸಂಕಕ್ಕೆ ಅಂತ ಉರುಳಿಸಿದ್ರೆ ಈ ದಡಕ್ಕೆ ಮುಟ್ಟುತ್ತಾ?"

"ಮುಟ್ಟಿ ಮಿಗುತ್ತೆ. ಆದ್ರೆ ಕೇಸಾಗುತ್ತೆ."

"ಆಗ್ಲಿ. ಕೇಸು ನನ್ ಹೆಸ್ರಲ್ಲಿ ಬರ್ಲಿ. ಮರ ಹೋದ್ರೆ ಅವೂ ಹೋಗ್ತವೆ, ಆಮೇಲೆ ಯಾರು ಬೇಕಾದ್ರೂ ಬಂದು ಹುಡುಕ್ಲಿ. ಗರಗಸ ಎಲ್ಲಿಟ್ಟಿದೀಯ?"

ಜಟ್ಟಪ್ಪ ಅಲುಗಲಿಲ್ಲ. ಹೊನ್ನಕ್ಕ ಸೀರೆ ಎತ್ತಿ ಕಟ್ಟಿಕೊಂಡು ಸಂಕಕ್ಕೆ ಕಾಲಿಟ್ಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.

"ಎಂತ ನೋಡ್ತಿ? ಅವು ತಿಂದು ಮುಗಿಸ್ಲಿ ಅಂತ ಕಾಯ್ತೀಯ?"