ಅಪ್ಪಾತಿನಲ್ಲಿ ಡೇರೆ ಇದ್ದ ಜಾಗ

ಇನೂತೆಕ್ ಹುಟ್ಟಿದಾಗಿನಿಂದಲೂ ನಿವಿ ಅವಳನ್ನು "ರೀ" ಎಂದೇ ಕರೆಯುತ್ತಿದ್ದಳು. ಇನೂತೆಕ್ ಎನ್ನುವುದು ನಿವಿಯ ಗಂಡನ ಹೆಸರು. ಒಂದು ವರ್ಷ, ಚಳಿ ಶುರುವಾಗುವ ಮುಂಚೆ, ಅವನು ಅಪ್ಪಾತ್ ದ್ವೀಪದ ಆಚೆ ಮಗ್ಗುಲಿಗೆ ಸೀಲ್ ಬೇಟೆಗೆ ಹೋದ. ಅವನು ಬರಲಿಲ್ಲ, ಒಬ್ಬನೇ ಕೂರುವ ಅವನ ಚರ್ಮದ ದೋಣಿ, ಕಯಾಕ್, ಮಾತ್ರ ಬೋರಲಾಗಿ ತೇಲಿ ಬಂತು. ಅದೇ ಚಳಿಗಾಲದಲ್ಲಿ ಪಕ್ಕದ ಮನೆಯ ಅಮಾಲಿ ಹೆಣ್ಣು ಹೆತ್ತಳು. ಆ ಉತ್ತರದ ಹಿಮನಾಡಿನಲ್ಲಿ ಸತ್ತವರ ಹೆಸರನ್ನು ಬಹಳ ದಿನ ಹೊರಗೆ ಅಲೆಯಲು ಬಿಡಬಾರದು, ಅದಕ್ಕೂ ಚಳಿಯಾಗುತ್ತದೆ. ಕೂಸಿಗೆ ಆ ಹೆಸರನ್ನೇ ಇಟ್ಟರು. ಹೆಸರು ಬಂತೆಂದರೆ ಮನುಷ್ಯನೇ ಬಂದ ಹಾಗೆ. ನಿವಿ ಓಡಿ ಬಂದು ಕೂಸಿನ ಮುಖ ನೋಡಿ, "ಎಷ್ಟು ತಡ ಮಾಡಿಬಿಟ್ರಿ ನೀವು!" ಅಂದಳಂತೆ.

ಹೆಸರು ಹೊತ್ತ ಮಗುವನ್ನು ಗದರಬಾರದು. ಗದರಿದರೆ ಹೆಸರು ಮುನಿಸಿಕೊಂಡು ಎದ್ದು ಹೋಗುತ್ತದೆ. ಅಮಾಲಿಗೆ ಇದೊಂದು ದೊಡ್ಡ ಪೇಚು. ಹುಡುಗಿ ದೂರದ ಪಟ್ಟಣದ ಶಾಲೆಯನ್ನು ಅರ್ಧಕ್ಕೆ ಬಿಟ್ಟು ಬಂದಾಗ ಅವಳು ಕೈ ಎತ್ತಿಯೇ ಬಿಟ್ಟಿದ್ದಳು. ನಿವಿ ನಡುವೆ ಬಂದಳು. "ಅವರಿಗೆ ಓದು ಯಾವತ್ತೂ ಹಿಡಿಸ್ಲಿಲ್ಲ, ಬಿಡು ಅಮಾಲಿ."

"ನನ್ನ ಮಗಳನ್ನ ನಾನು ಬೈಯೋ ಹಾಗೂ ಇಲ್ಲ! ಒಳ್ಳೇ ಗಂಡನನ್ನ ಹೆತ್ತುಕೊಟ್ಟೆ ನಾನು ನಿಂಗೆ" ಎಂದು ಅಮಾಲಿ ಗೊಣಗಿಕೊಂಡು ಒಳಗೆ ಹೋಗಿದ್ದಳು.

ಊರಿನಲ್ಲಿ ಹೆಂಗಸರು ಕಯಾಕ್ ಹತ್ತುವುದಿಲ್ಲ. ಆದರೆ ನಿವಿ ತನ್ನ ಅಣ್ಣನನ್ನು ಕಾಡಿ ಬೇಡಿ ಕಯಾಕಿನ ಮರದ ಹಂದರ ಮಾಡಿಸಿದಳು, ಅದರ ಮೇಲೆ ಚರ್ಮವನ್ನು ತಾನೇ ಹೊಲಿದಳು. ಇನೂತೆಕ್ ಮೊದಲ ಸೀಲ್ ಹೊಡೆದು ತಂದ ದಿನ ಅದನ್ನು ಸೀಳಿ ಊರಿಗೆಲ್ಲ ಹಂಚಿದ್ದು ನಿವಿ, ಹೆಂಡತಿಯ ಠೀವಿಯಲ್ಲಿ.

ಸಂಜೆ ಹೊತ್ತು ಚರ್ಮ ಹದ ಮಾಡುತ್ತಾ ನಿವಿ ಅಪ್ಪಾತಿನ ಮಾತು ತೆಗೆಯುತ್ತಿದ್ದಳು. ಮದುವೆಯಾದ ಬೇಸಿಗೆಗಳನ್ನೆಲ್ಲ ಅವರಿಬ್ಬರೂ ಅಲ್ಲೇ ಡೇರೆ ಹಾಕಿಕೊಂಡು ಕಳೆದಿದ್ದರು. "ಡೇರೆ ಬಾಗ್ಲಲ್ಲಿ ಕೂತ್ರೆ ತೊರೆ ಸದ್ದು ಕೇಳ್ತಿತ್ತಲ್ಲ? ಬಂಡೆ ತುಂಬಾ ಹಕ್ಕಿಗಳು ಕೂಗೋವು, ನನ್ನ ಮಾತು ನಿಮಗೆ, ನಿಮ್ಮ ಮಾತು ನನಗೆ ಕೇಳಿಸ್ತಾನೇ ಇರ್ಲಿಲ್ಲ. ನೆನಪಿದೆ ತಾನೆ?"

"ಹೂಂ" ಎನ್ನುತ್ತಿದ್ದಳು ಇನೂತೆಕ್.

ಅವಳಿಗೆ ಏನೂ ನೆನಪಿರಲಿಲ್ಲ. ಆದರೆ ಆ "ಹೂಂ" ಕೇಳಿದಾಗ ನಿವಿಯ ಮುಖ ಅರಳುವುದನ್ನು ಅವಳು ಕದ್ದು ನೋಡುತ್ತಿದ್ದಳು. ಲೋಕದಲ್ಲಿ ಇನ್ಯಾರ ಮುಖವೂ ಅವಳ ಮಾತಿಗೆ ಹಾಗೆ ಅರಳುತ್ತಿರಲಿಲ್ಲ.

ಈ ಬೇಸಿಗೆ ದಕ್ಷಿಣದ ಊರಿನಿಂದ ಎನೋಕ್ ಬಂದ. ಹೆಂಡತಿ ಸತ್ತವನು, ಸಂಕೋಚದವನು. ಮೀನಿನ ದೋಣಿಯ ಎಂಜಿನ್ ಕೆಟ್ಟಿದೆ ಎಂದು ಇಳಿದವನು ಎಂಜಿನ್ ಸರಿಯಾದ ಮೇಲೂ ಹೊರಡಲಿಲ್ಲ. ದಿನಾ ನಿವಿಯ ಮನೆಯಲ್ಲಿ ಕಾಫಿ. ಊರಿಗೆ ಅಷ್ಟು ಸಾಕಾಯಿತು.

"ಏನಪ್ಪಾ ಇನೂತೆಕ್, ನಿನ್ನ ಹೆಂಡ್ತಿ ಕೈ ತಪ್ಪೋ ಹಾಗಿದೆ!" ಎಂದು ಮುದುಕ ಪಿಟಾ ಅವಳ ಕಯಾಕ್ ಬರುವುದನ್ನು ಕಂಡು ದಡದಿಂದಲೇ ಕೂಗಿದ. "ಗಂಡಸಾಗಿ ಸುಮ್ನಿದ್ದೀಯಲ್ಲೋ!"

ಬಲೆ ಬಿಡಿಸುತ್ತಿದ್ದವರೆಲ್ಲ ನಕ್ಕರು. ಅವಳೂ ನಗುವಂತೆ ಮಾಡಿದಳು.

ಮರುದಿನ ನಿವಿಯೇ ಬಂದಳು. ಒಳ್ಳೆಯ ಅಂಗಿ ತೊಟ್ಟಿದ್ದಳು. ಹೊಸ್ತಿಲ ಒಳಗೆ ಬರಲಿಲ್ಲ.

"ರೀ, ಎನೋಕ್ ತನ್ನ ಜೊತೆ ಬಾ ಅಂತ ಕೇಳ್ತಿದ್ದಾನೆ. ಗಾಳಿ ನಿಂತ ಕೂಡ್ಲೇ ಅವನು ಹೊರಡ್ಬೇಕು. ನೀವು ಹೋಗು ಅಂದ್ರೆ ಹೋಗ್ತೀನಿ. ಬೇಡ ಅಂದ್ರೆ ಇಲ್ಲೇ ಇರ್ತೀನಿ, ಮತ್ತೆ ಆ ಮಾತೇ ಎತ್ತಲ್ಲ."

ಅದು ಬರಿಯ ಮಾತಲ್ಲ ಎಂದು ಇನೂತೆಕ್‌ಗೆ ಗೊತ್ತಿತ್ತು. ಬೇಡ ಅಂದರೆ ಸಾಕು, ನಿವಿ ಒಲೆಯ ಮುಂದೆ ಹಾಗೆಯೇ ಮುದುಕಿಯಾಗುತ್ತಾಳೆ. ನಾಲಿಗೆಯ ತುದಿಗೇ ಬಂದಿತ್ತು ಆ ಮಾತು. "ನಾಳೆ ಹೇಳ್ತೀನಿ" ಅಂದಳು.

ಬೆಳಿಗ್ಗೆ ಗಾಳಿ ನಿಂತಿತ್ತು. ಯಾರೂ ಏಳುವ ಮುಂಚೆ ಅವಳು ಕಯಾಕನ್ನು ಹೆಗಲ ಮೇಲೆ ಹೊತ್ತು ನೀರಿಗಿಳಿಸಿದಳು. ಅಪ್ಪಾತಿಗೆ ಅವಳು ಒಮ್ಮೆಯೂ ಹೋಗಿರಲಿಲ್ಲ. ಬೇಡ ಎಂದು ನಿವಿ ಹೇಳಿದ್ದಿಲ್ಲ. ಆದರೆ ಇನೂತೆಕ್ ಅತ್ತ ಮುಖ ತಿರುಗಿಸಿದರೆ ನಿವಿ ಹೊಲಿಯುವ ಸೂಜಿ ಕೆಳಗಿಡುತ್ತಿದ್ದಳು, ಅದೇ ಸಾಕಿತ್ತು. ಈಗ ಹೋಗಲೇಬೇಕಿತ್ತು. ತಾನು ನಿಜವಾಗಿ ಅವನೇ ಆಗಿದ್ದರೆ ಆ ನೆಲ ತನ್ನನ್ನು ಗುರುತು ಹಿಡಿಯುತ್ತದೆ. ಗುರುತು ಹಿಡಿದರೆ, ಬೇಡ ಎನ್ನುವ ಹಕ್ಕು ತನಗಿದೆ.

ಸಮುದ್ರ ಎಣ್ಣೆಯ ಹಾಗೆ ಮಲಗಿತ್ತು. ತೇಲುವ ಹಿಮಗುಡ್ಡೆಗಳ ನಡುವೆ, ಅವು ಮಗುಚಿದರೆ ಸಿಕ್ಕದಷ್ಟು ದೂರ ಇಟ್ಟುಕೊಂಡು, ಅವಳು ಹುಟ್ಟು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಕಪ್ಪು ಬಂಡೆ ಎದುರಾಯಿತು. ಹಕ್ಕಿಗಳು ಮರಿಗಳ ಸಮೇತ ಆಗಲೇ ಕಡಲಿಗಿಳಿದು ಹೋಗಿದ್ದವು. ಬಂಡೆಯ ಮೈಮೇಲೆ ಹಿಕ್ಕೆಯ ಬಿಳಿ ಗೆರೆಗಳು ಮಾತ್ರ. ಅಷ್ಟು ಎತ್ತರದ ಬಂಡೆ ಅಷ್ಟು ಸುಮ್ಮನಿರುವುದನ್ನು ಕಂಡು ಅವಳಿಗೆ ಯಾರದೋ ಮನೆಗೆ ಹೇಳದೆ ಬಂದ ಹಾಗಾಯಿತು.

ಕಯಾಕನ್ನು ಮೇಲೆಳೆದು ನಡೆದಳು. ತೊರೆ ಸಿಕ್ಕಿತು. ಒಂದಲ್ಲ, ಮೂರು. ಹಿಂದೆ ಡೇರೆಗಳ ಅಂಚು ಹಾರದಂತೆ ಸುತ್ತ ಹೇರಿದ್ದ ಕಲ್ಲುಗಳ ಬಳೆಗಳೂ ಸಿಕ್ಕವು. ಒಂದೊಂದು ತೊರೆಯ ಬಳಿಯೂ ನಾಲ್ಕಾರು, ಹಳೆಯವು, ತೀರಾ ಹಳೆಯವು, ಪಾಚಿ ಕಟ್ಟಿದವು. ಮೊದಲನೆಯದರ ಒಳಗೆ ಹೋಗಿ ಬಾಗಿಲು ಇದ್ದಿರಬಹುದಾದ ಕಡೆ ಮುಖ ಮಾಡಿ ಕೂತಳು. ಕಣ್ಣು ಮುಚ್ಚಿದಳು. ನೀರಿನ ಸದ್ದು ಕೇಳಿತು, ಅಷ್ಟೇ. ಎದ್ದು ಇನ್ನೊಂದಕ್ಕೆ ಹೋದಳು. ಅಲ್ಲೂ ನೀರಿನ ಸದ್ದೇ. ಹೀಗೆ ಒಂದರಿಂದ ಒಂದಕ್ಕೆ, ಕಳೆದುಕೊಂಡದ್ದನ್ನು ಹುಡುಕುವವಳಂತೆ. "ಇದೇನಾ?" ಎಂದು ಗಟ್ಟಿಯಾಗಿಯೇ ಕೇಳಿದಳು. ಯಾವ ಕಲ್ಲೂ ಹೂಂ ಅನ್ನಲಿಲ್ಲ.

ದಿಣ್ಣೆ ಹತ್ತಿ ಆಚೆ ಮಗ್ಗುಲಿನ ಕಡಲನ್ನು ನೋಡಿದಳು, ಅವನು ಮುಳುಗಿದ ಕಡಲು. ಎದೆ ನಡುಗಬಹುದು ಎಂದುಕೊಂಡಿದ್ದಳು. ಹಸಿವಾಯಿತು. ಬಂಡೆಯ ಸಂದಿನಲ್ಲಿ ಬಿಸಿಲಿಗೆ ಸಣ್ಣ ಕಪ್ಪು ಹಣ್ಣುಗಳು ಬೆಳೆದಿದ್ದವು. ಬಾಯಿ ಬಣ್ಣವಾಗುವ ತನಕ ತಿಂದಳು. ಇಷ್ಟು ಕಾಲ ಯಾರ ಪ್ರೀತಿಯನ್ನು ತಾನು ತಿಂದುಕೊಂಡು ಬಂದೆ ಎಂದು ಯೋಚಿಸಿದಾಗ ಕೈಯಲ್ಲಿ ಉಳಿದ ಹಣ್ಣುಗಳನ್ನು ಕೆಳಗೆ ಚೆಲ್ಲಿದಳು. ಆದರೂ ಬೇಡ ಎನ್ನುವುದನ್ನು ಬಿಡಲು ಮನಸ್ಸು ಬರಲಿಲ್ಲ. ತಾನು ಅವನಲ್ಲದಿದ್ದರೇನು? ನಿವಿ ತನಗೆ ಬೇಕು. ಹಿಂತಿರುಗುವ ದಾರಿಯುದ್ದಕ್ಕೂ ಹುಟ್ಟಿನ ಒಂದೊಂದು ಏಟಿಗೂ ಆ ಮಾತನ್ನೇ ಹೇಳಿಕೊಂಡಳು: ಬೇಡ, ಬೇಡ.

ದಡ ಕಾಣುವಾಗ ಸೂರ್ಯ ನೀರಿಗೆ ತಾಗಿದ್ದ. ಊರೆಲ್ಲ ದಡದಲ್ಲಿತ್ತು. ಎನೋಕ್ ಹುಡುಕಲು ಹೊರಡುವವನಂತೆ ದೋಣಿಯಲ್ಲಿ ನಿಂತಿದ್ದ. ಎಲ್ಲರಿಗಿಂತ ಮುಂದೆ, ಸೊಂಟದ ತನಕ ಆ ಕೊರೆಯುವ ನೀರಿನಲ್ಲಿ, ನಿವಿ ನಿಂತಿದ್ದಳು. ಅವಳು ಕೂಗಲಿಲ್ಲ, ಕೈಯನ್ನೂ ಬೀಸಲಿಲ್ಲ. ಕಯಾಕಿನ ಮೂತಿ ಸಿಕ್ಕಿದ್ದೇ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎಲ್ಲಿಗೆ ಹೋಗಿದ್ರಿ?"

"ಅಪ್ಪಾತಿಗೆ."

"ನಿಂಗೆ ಬುದ್ಧಿ ಇದೆಯೇನೇ?" ನಿವಿ ಕಿರುಚಿದಳು. "ಇದೇ ದಡದಲ್ಲಿ ಇನ್ನೊಂದು ಸಲ ನಿಂತ್ಕೊಂಡು ಕಾಯೋಕೆ ನನ್ನಿಂದ ಆಗತ್ತೇನೇ, ದರಿದ್ರದವಳೇ!"

ದಡದಲ್ಲಿ ಪಿಟಾ, ಸಾವಿನ ಮನೆಯಲ್ಲಿ ತೆಗೆಯುವ ಹಾಗೆ, ಟೋಪಿ ತೆಗೆದ. ನಿವಿ ತನ್ನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹೆಸರು ಎದ್ದು ಹೋಗುವುದನ್ನು ಕಾಣುವೆನೋ ಎಂಬಂತೆ ಹುಡುಗಿಯ ಮುಖವನ್ನೇ ನೋಡಿದಳು.

ಇನೂತೆಕ್ ನಿವಿಯ ಕೈಗಳನ್ನು ನೋಡುತ್ತಿದ್ದಳು. ನೀಲಿಗಟ್ಟಿದ್ದವು. ಬೇಡ ಅಂದರೆ ಈ ಕೈಗಳು ಸಾಯುವ ತನಕ ಹೀಗೆಯೇ ಕಯಾಕಿಗೆ ಕಾಯುತ್ತವೆ. ಅವನಿದ್ದಿದ್ದರೆ ನೀರಿನಿಂದ ಮೇಲೆ ಹೋಗು ಎಂದು ಅವಳಿಗೆ ಹೇಳುತ್ತಿದ್ದ. ಅವನಿಲ್ಲ. ಹೇಳಬೇಕಾದವಳು ತಾನೊಬ್ಬಳೇ.

"ಅಲ್ಲಿ ಎಷ್ಟೊಂದು ಕಲ್ಲುಬಳೆ ಇತ್ತು ನಿವಿ. ನಮ್ಮದು ಯಾವ್ದು ಅಂತ ಗೊತ್ತಾಗ್ಲಿಲ್ಲ. ನಂಗೆ ಏನೂ ನೆನಪಿಲ್ಲ. ಯಾವತ್ತೂ ಇರ್ಲಿಲ್ಲ."

ನಿವಿ ಕಯಾಕನ್ನು ದಡದತ್ತ ಒಂದಿಷ್ಟು ಎಳೆದಳು. ಆಮೇಲೆ ಮೂಗು ಒರೆಸಿಕೊಂಡು ನಕ್ಕಳು. "ಅವರಿಗೂ ನೆನಪಿರ್ತಿರ್ಲಿಲ್ಲ. ಮೀನು ಹಿಡ್ಕೊಂಡು ಬಂದು ಅಕ್ಕಪಕ್ಕದವ್ರ ಡೇರೆಗೆ ನುಗ್ಗೋರು. ನಾನು ಬಾಗ್ಲಲ್ಲಿ ನಿಂತು ಕೂಗಿ ಕರೀಬೇಕಿತ್ತು." ಮತ್ತೆ, ಮೆಲ್ಲಗೆ, "ಬಾಯೆಲ್ಲ ಏನು ಕಪ್ಪು?"

"ಹಣ್ಣು. ದಿಣ್ಣೆ ಮೇಲೆ, ಬಂಡೆ ಸಂದೀಲಿ."

"ಅಲ್ಲಿ ಹಣ್ಣಿತ್ತಾ? ನಾನು ನೋಡೇ ಇರ್ಲಿಲ್ಲ" ಅಂದಳು ನಿವಿ, ಯಾವುದೋ ಕಾಣದ ಊರಿನ ಸುದ್ದಿ ಕೇಳಿದ ಹಾಗೆ.

"ಹೋಗು ನಿವಿ" ಅಂದಳು ಇನೂತೆಕ್. "ಅವನ ಜೊತೆ ಹೋಗು. ನಾನೇ ಹೇಳ್ತಿದ್ದೀನಿ."

ಮರುದಿನ ದೋಣಿಗೆ ಗಂಟುಮೂಟೆ ಏರಿಸುವಾಗ ಎನೋಕ್ ಅವಳ ಹತ್ತಿರ ಬಂದು, ಏನು ಹೇಳಬೇಕೋ ತೋಚದೆ, ಕೈ ಕುಲುಕಿ ಹೋದ. ನಿವಿ ಅವಳ ಕೆನ್ನೆಗೆ ಮೂಗು ಒತ್ತಿ ಉದ್ದಕ್ಕೆ ಉಸಿರೆಳೆದುಕೊಂಡಳು, ಬಿಡಲೇ ಇಲ್ಲ. ಎಂಜಿನ್ ಗುಡುಗಿದಾಗಲೇ ಬಿಟ್ಟದ್ದು.

ದೋಣಿ ಮೂಲೆ ತಿರುಗಿತು. ಜನ ಒಬ್ಬೊಬ್ಬರಾಗಿ ಮನೆಗೆ ಹತ್ತಿದರು. ಗಾಳಿಯಿಲ್ಲದ ದಿನ ಎಂಜಿನ್ನಿನ ಸದ್ದು ನೀರಿನ ಮೇಲೆ ಬಹಳ ದೂರದಿಂದಲೂ ಕೇಳುತ್ತದೆ. ಅದು ಇನ್ನೂ ಕೇಳುತ್ತಿದೆಯೋ, ಇಲ್ಲ ತನ್ನ ಕಿವಿಯೇ ಬಿಡದೆ ಹಿಡಿದುಕೊಂಡಿದೆಯೋ ತಿಳಿಯದೆ, ಇನೂತೆಕ್ ಉಸಿರು ಬಿಗಿಹಿಡಿದು ನಿಂತಳು.